ಪೊಟ್ಯಾಸಿಯಂ ಮೇಲಿನ ಕೆಂಪು ಗೀಟು

‘ಪೊಟ್ಯಾಸಿಯಂ’ ಎಂಬ ಪದದ ಮೇಲೆ ಎರಡು ಕೆಂಪು ಗೀಟುಗಳಿದ್ದವು. ಎರಡನೆಯದು ಹಾಳೆಯನ್ನು ಹರಿದಿತ್ತು.

ಆಗ ನಾನು ಪಿಯುಸಿ ಮೊದಲ ವರ್ಷ. ಇಳಕಲ್ಲಿನ ನಮ್ಮ ಓಣಿಯಲ್ಲಿ ಇನ್ನೂ ಕೈಮಗ್ಗಗಳು ನಡೆಯುತ್ತಿದ್ದವು. ಮನೆಗೆ ಕಾಲಿಟ್ಟರೆ ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ.

ಪರೀಕ್ಷೆಯಲ್ಲಿ ಒಂದು ಅಯಾನು ಸಮೀಕರಣ ಕೊಟ್ಟಿದ್ದರು: ಬೇರಿಯಂ, ಸಲ್ಫೇಟ್ ನೀರಿನಲ್ಲಿ ಕೂಡಿ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತವೆ. ಅದನ್ನು ಅಣು ಸಮೀಕರಣ ಮಾಡಬೇಕು. ಅಂದರೆ ಅವೆರಡೂ ಯಾರ ಜೊತೆ ನೀರಿಗೆ ಬಂದವು ಎಂದು ಬರೆಯಬೇಕು. ಬೇರಿಯಂಗೆ ಕ್ಲೋರೈಡ್ ಕೊಟ್ಟೆ, ಸಲ್ಫೇಟಿಗೆ ಪೊಟ್ಯಾಸಿಯಂ. ಗೈಡಿನಲ್ಲಿ ಸೋಡಿಯಂ ಇತ್ತು. ಸೋಡಿಯಂ, ಪೊಟ್ಯಾಸಿಯಂ ಎರಡೂ ನೀರಿನಲ್ಲಿ ಕರಗಿದಂತೆಯೇ ಉಳಿಯುತ್ತವೆ. ಯಾವುದನ್ನು ಬರೆದರೂ ಸರಿ.

“ಯಾವ್ದಂತ ಪ್ರಶ್ನೆಯೊಳಗ ಕೊಟ್ಟಿಲ್ಲಲ್ರಿ ಸರ್,” ಎಂದೆ ರಸಾಯನಶಾಸ್ತ್ರದ ಸರ್‌ಗೆ.

“ಗೈಡ್ ಬರದಾವ್ರಿಗಿಂತ ನೀ ಶಾಣ್ಯಾಕೇನ? ಕೆಳಗ ‘ತಪ್ಪಾಯಿತು’ ಅಂತ ಬರಿ, ಅಪ್ಪನ ಸಹಿ ಹಾಕಿಸ್ಕೊಂಡ ಬಾ. ಇಲ್ಲಂದ್ರ ಕ್ಲಾಸಿಗೆ ಬರಬ್ಯಾಡ.”

ಮನೆಯಲ್ಲಿ ಅಪ್ಪ ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು, ಸೀರೆಯ ಹಸಿರು ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಿದ್ದ.

“ನನಗ ತಿಳಿಯೂ ಹಂಗ ಹೇಳವಾ,” ಎಂದ ನಾನು ತೋರಿಸಿದ ಹಾಳೆ ನೋಡಿ.

“ಸರ್ ಕೆಂಪ ಸೆರಗ ಕೇಳಿದ್ರು ಅಂತ ತಿಳ್ಕೋಪ್ಪಾ. ಒಡಲ ಯಾವ ಬಣ್ಣ ಅಂತ ಹೇಳಲಿಲ್ಲ. ನಾ ಹಸರ ಹಾಕಿದೆ. ಅವ್ರಿಗೆ ದಾಳಿಂಬ್ರಿ ಬಣ್ಣಾನ ಬೇಕಂತ.”

ಅಪ್ಪ ನಕ್ಕ. “ಬಣ್ಣ ಹೇಳದ ಗಿರಾಕಿ ಆಮ್ಯಾಲೆ ತಕರಾರ ಮಾಡಿದ್ರ ನೇಕಾರಂದೇನ ತಪ್ಪ?”

“ಸುಮ್ನ ತಪ್ಪಾತಂತ ಬರದ ಬಿಡ,” ಎಂದಳು ಅವ್ವ ಒಲೆಯ ಮುಂದಿನಿಂದ. “ಕ್ಲಾಸ್ ತಪ್ಪಿದ್ರ ಯಾರ ಕಲಸ್ತಾರ?”

ಅಪ್ಪ ನನ್ನ ಕೈಯಿಂದ ಪೆನ್ನು ಇಸಿದುಕೊಂಡು ನನ್ನ ಉತ್ತರದ ಕೆಳಗೇ, ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ, ದೊಡ್ಡದಾಗಿ ಸಹಿ ಮಾಡಿದ. ಮೂಲೆಯಲ್ಲಿ ಬೂದಿಯ ಹೆಬ್ಬೆರಳ ಗುರುತು ಮೂಡಿತು.

“ತಪ್ಪಾತಂತ ಬರಿಯಾಕ ಇನ್ನ ಜಾಗಾ ಎಲ್ಲೈತಿ?” ಎಂದ.

ಈಗ, ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ಆ ಮಗ್ಗದ ಕುಣಿ ಮುಚ್ಚಿ, ಮೇಲೆ ಪವರ್‌ಲೂಮ್ ಇಟ್ಟಿದ್ದೇವೆ. ಅದರ ಗದ್ದಲದಲ್ಲಿ ಅಪ್ಪನಿಗೆ ಒಂದು ಮಾತು ಹೇಳಬೇಕೆಂದರೂ ಹೊರಗೆ ಕರೆಯಬೇಕು. ತಿಳಿಯುವ ಹಾಗೆ ಹೇಳು ಎಂದು ಅವನು ಕೇಳಿ ಎಷ್ಟೋ ದಿನಗಳಾದವು.

ಅಂದು ಅಪ್ಪ ಸಹಿ ಮಾಡಿದ ಮರುದಿನ ಬೆಳಿಗ್ಗೆ, ಸರ್ ಬರುವ ಮೊದಲೇ ಆ ಹಾಳೆಯನ್ನು ಅವರ ಮೇಜಿನ ಮೇಲಿಟ್ಟೆ. ಕಪ್ಪುಹಲಗೆಯ ಮೇಲೆ ಅದೇ ಸಮೀಕರಣವನ್ನು ಸೋಡಿಯಂ ಹಾಕಿ ಬರೆದೆ, ಅದರ ಕೆಳಗೆ ಪೊಟ್ಯಾಸಿಯಂ ಹಾಕಿ, ಅದರ ಕೆಳಗೆ ಅಮೋನಿಯಂ ಹಾಕಿ. ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಒರೆಸಿಕೊಂಡು ಮೊದಲ ಬೆಂಚಿನಲ್ಲಿ ಹೋಗಿ ಕುಳಿತೆ.