ಶೀಷೆಯಲ್ಲಿ ಬಂದ ಕಪ್ಪೆತತ್ತಿ

ಚಿಂತೆ ಮಾಡಲು ನನಗೆ ದೊಡ್ಡ ಕಾರಣ ಬೇಕಾಗಿಲ್ಲ. ಒಮ್ಮೆ ಬಟಾಣಿಗಿಂತ ಸಣ್ಣ ಹಸಿರು ಕಾಳುಗಳೇ ಸಾಕಾಗಿದ್ದವು. ಎಪ್ಪತ್ತರ ದಶಕದ ಕೊನೆಯಲ್ಲಿ ಅವು ಬೆಟಗೇರಿಯ ನಮ್ಮ ಮನೆಗೆ ಗಾಜಿನ ಶೀಷೆಯಲ್ಲಿ, ಉಪ್ಪುನೀರಿನಲ್ಲಿ ಮುಳುಗಿಕೊಂಡು ಬಂದವು. ಕಳಿಸಿದವರು ನನ್ನ ತಂಗಿ ಗಿರಿಜೆಯನ್ನು ನೋಡಲು ಮುಂಬಯಿಯಿಂದ ಬರಲಿದ್ದವರು. ಅವರೆದುರು ಬಡಿಸದಿದ್ದರೆ ಅವಮಾನ. ಬಡಿಸೋಣವೆಂದರೆ ಅದು ಏನೆಂದು ಯಾರಿಗೆ ಗೊತ್ತು? ಅಪ್ಪ ವೀರಭದ್ರನ ಗುಡಿಯ ಪೂಜಾರಿ. ಏನಾದರೂ ಎಡವಟ್ಟಾದರೆ ಕತೆ ಮುಗಿದ ಹಾಗೆ.

ಶೀಷೆಯ ಮೇಲೆ ಇಂಗ್ಲಿಷಿನಲ್ಲಿ 'ಕೇಪರ್ಸ್' ಎಂದಿತ್ತು. ಶಾಲಾ ಮಾಸ್ತರನಾದ ನಾನು ಗತ್ತಿನಿಂದ ನನ್ನ ಪುಟ್ಟ ನಿಘಂಟು ತೆರೆದೆ. ಕೇಪರ್ ಎಂದರೆ ಜಿಗಿಯುವುದು, ಕುಣಿದಾಡುವುದು. ಅಷ್ಟೇ. ಮನಸ್ಸಿನಲ್ಲಿ ಓದಿಕೊಳ್ಳಬೇಕಿತ್ತು, ಗಟ್ಟಿಯಾಗಿ ಓದಿಬಿಟ್ಟೆ.

"ಜಿಗಿಯೂದಾ?" ಅವ್ವ ಹೌಹಾರಿದಳು. "ಹಂಗಾರ ಇವು ಕಪ್ಪಿ ತತ್ತೀನ! ಮದ್ಲ ಹೊರಗ ಇಡೋ ಅದನ್ನ!"

ಶೀಷೆ ಕಿಟಕಿಯಾಚೆ ಹೋಯಿತು, ಚಿಂತೆ ಒಳಗೇ ಉಳಿಯಿತು. ಗಿರಿಜೆಯ ಚಿಂತೆ ಬೇರೆ. ಅವಳದು ಬಿ.ಎ. ಕೊನೆಯ ವರ್ಷ, ಮದುವೆ ಗೊತ್ತಾದರೆ ಪರೀಕ್ಷೆಗೆ ಮೊದಲೇ ಮುಂಬಯಿ. ಅಪ್ಪನಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ, ನನಗಂತೂ ಇರಲೇ ಇಲ್ಲ.

ಬೀಗರಾಗುವವರು ಬಂದರು. ಹುಡುಗನ ಸೋದರಮಾವ ಹಿಂದೆ ಹಡಗಿನಲ್ಲಿ ಕೆಲಸಕ್ಕಿದ್ದವರಂತೆ. ಊಟಕ್ಕೆ ಕೂತವರು ಕಿಟಕಿಯಾಚೆಯ ಶೀಷೆ ಕಂಡು, ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. "ತತ್ತಿ ಅಲ್ರೀ ಅವ್ವಾರ, ಹೂವಿನ ಮೊಗ್ಗು!"

ಮೆಡಿಟರೇನಿಯನ್ ಸಮುದ್ರದ ಸುತ್ತ, ಕಲ್ಲುಗೋಡೆಯ ಬಿರುಕಿನಲ್ಲೂ ಬೆಳೆಯುವ ಮುಳ್ಳುಗಿಡವಂತೆ. ಮೊಗ್ಗು ಅರಳುವ ಮೊದಲೇ ಕಿತ್ತು ಉಪ್ಪಿಗೆ ಹಾಕುತ್ತಾರೆ; ಸಣ್ಣದಾದಷ್ಟೂ ಬೆಲೆ ಹೆಚ್ಚು. ಅದರ ದಾಯಾದಿಗಳು ನಮ್ಮ ಡಂಬಳದ ಕಡೆಯ ಗುಡ್ಡದಲ್ಲೂ ಇವೆಯೆಂದು ಆಮೇಲೆ ತಿಳಿಯಿತು. ಧೋತರ ಹರಿಯುವ ಮುಳ್ಳುಕಂಟಿ ಎಂಬುದರಾಚೆ ನಾವು ಅವುಗಳ ಕುಲಗೋತ್ರ ವಿಚಾರಿಸಿರಲಿಲ್ಲ.

ಅಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟರು. "ರುಚೀನ ಇರಬಹುದ್ರಿ. ಆದ್ರ ಅರಳದ ಮೊಗ್ಗು ನಾವು ದೇವರಿಗೂ ಏರ್ಸೂದಿಲ್ಲ."

ಅಡುಗೆಮನೆಯ ಬಾಗಿಲಿನಿಂದ ಗಿರಿಜೆಯ ದನಿ ಬಂತು. "ಹಂಗಾರ ಅಪ್ಪಾ, ನನ್ನ ಪರೀಕ್ಷಾನೂ ಮುಗೀಲಿ."

ಅಪ್ಪ ತಾಟನ್ನು ಪಕ್ಕಕ್ಕೆ ಸರಿಸಿದರು. ಬಂದವರ ಕಡೆ ತಿರುಗಿ, "ಕೂಸು ಹೇಳೂದು ಖರೆ ಐತ್ರಿ. ಪರೀಕ್ಷಾ ಮುಗಿಯೂತನಕ ಈ ಮಾತು ಬ್ಯಾಡ್ರಿ" ಅಂದರು.

ಬೀಗರಾಗುವವರು ಕಾಯಲಿಲ್ಲ. ನಾನು ಅದಕ್ಕೂ ಒಂದಷ್ಟು ದಿನ ಚಿಂತೆ ಮಾಡಿದೆ. ಕೊನೆಯ ಪರೀಕ್ಷೆ ಬರೆದು ಬಂದ ಸಂಜೆ ಗಿರಿಜೆ ಸ್ಲಿಪ್ಪರ್ ಬಿಡುವುದನ್ನೂ ಮರೆತು ಪಡಸಾಲೆಯಲ್ಲಿ ಜಿಗಿದಾಡಿದಳು. ನನ್ನ ಪುಟ್ಟ ನಿಘಂಟು ಪೂರ್ತಿ ಸುಳ್ಳೇನೂ ಹೇಳಿರಲಿಲ್ಲ.