ಅತ್ತೆ ಕುರಿಹಟ್ಟಿಗೆ ಹೋಗುವುದು ಬಿಟ್ಟ ವರ್ಷ

ನನ್ನ ಅತ್ತೆಗೆ ಗಂಡ, ಮಗ, ಸೊಸೆ ಎಲ್ಲರಿಗಿಂತ ಕುರಿಯೇ ಹೆಚ್ಚು. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಯಾವ ಕುರಿ ಯಾವುದರ ಮಗಳು, ಯಾವುದಕ್ಕೆ ಹಾಲು ಕಡಿಮೆ, ಯಾವುದು ತನ್ನ ಮರಿಯನ್ನೇ ಒದ್ದು ಓಡಿಸುತ್ತದೆ, ಎಲ್ಲ ಅವರ ನಾಲಿಗೆಯ ತುದಿಯಲ್ಲಿ ಇರುತ್ತಿತ್ತು. ನನ್ನ ತವರು ಸುರಪುರ ಎಂಬುದು ಮಾತ್ರ ನೆನಪಿರುತ್ತಿರಲಿಲ್ಲ. ಬಂದವರಿಗೆಲ್ಲ ಶಹಾಪುರದ ಹುಡುಗಿ ಎಂದೇ ಹೇಳುತ್ತಿದ್ದರು.

ನಾನು ಕುರುಬರ ಮನೆಯಲ್ಲೇ ಹುಟ್ಟಿದವಳಾದರೂ ನಮ್ಮಪ್ಪ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಕುರಿ ಸಾಕುವ ಮನೆಯ ರೀತಿ ರಿವಾಜು ಕಲಿತದ್ದು ದೋರನಹಳ್ಳಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಮೇಲೆ. ಮೊದಲನೆಯ ರಿವಾಜು, ಹೊರಗಾದ ಹೆಂಗಸು ಕುರಿ ಕೂಡುವ ಹಟ್ಟಿಯೊಳಗೆ ಕಾಲಿಡಬಾರದು. ಮುಟ್ಟಿನ ಗಾಳಿ ಸೋಕಿದರೆ ಮರಿ ಸಾಯುತ್ತದೆ, ಕೆಚ್ಚಲು ಬತ್ತುತ್ತದೆ ಎನ್ನುತ್ತಿದ್ದರು.

"ನಾ ಹೊರಗಾಗಿದ್ದು ಕುರಿಗೇನ ಗೊತ್ತಾಗತೈತ್ರಿ?" ಎಂದು ಕೇಳಿದ್ದೆ.

"ಕುರಿಗಿ ಗೊತ್ತಾಗಂಗಿಲ್ಲ. ದೇವರಿಗಿ ಗೊತ್ತಾಗತೈತಿ," ಎಂದಿದ್ದರು ಅತ್ತೆ.

ಆದರೆ ಮುಟ್ಟು ನಿಂತ ಹೆಂಗಸಿಗೆ ಈ ತಡೆ ಇಲ್ಲ. ಆಕೆಯೇ ಹಟ್ಟಿಯ ಯಜಮಾನಿ. ಅಮಾವಾಸ್ಯೆಯ ದಿನ ಟಗರಿನ ಹಣೆಗೆ ದೇವರ ಅರಿಶಿನದ ಭಂಡಾರ ಹಚ್ಚುವವಳೂ ಆಕೆಯೇ. ಅತ್ತೆ ಎಷ್ಟೋ ವರ್ಷಗಳಿಂದ ಆ ಗತ್ತಿನಲ್ಲೇ ಇದ್ದರು.

ಯಾದಗಿರಿ ಹೊಸ ಜಿಲ್ಲೆಯಾಗಿ ಒಂದಿಷ್ಟು ಕಾಲ ಕಳೆದಿತ್ತು. ನನ್ನ ಗಂಡ ಸೈದಾಪುರದ ಕಡೆ ಕಾರ್ಖಾನೆಗೆ ಸೇರಿದ್ದ, ರಜೆ ಸಿಕ್ಕಾಗ ಬರುತ್ತಿದ್ದ. ಮಾವ ದೊಡ್ಡ ಹಿಂಡು ಹೊಡೆದುಕೊಂಡು ಮೇವಿನ ಕಡೆ ಹೋಗಿದ್ದರು. ಮನೆಯಲ್ಲಿ ಉಳಿದದ್ದು ಗಬ್ಬದ ಕುರಿಗಳು, ಎಳೆ ಮರಿಗಳು, ಅತ್ತೆ ಮತ್ತು ನಾನು. ಇದ್ದಕ್ಕಿದ್ದಂತೆ ಅತ್ತೆ ಹಟ್ಟಿಯೊಳಗೆ ಹೋಗುವುದನ್ನು ಬಿಟ್ಟರು. ಬೇಲಿಯ ಹೊರಗೆ ನಿಂತು, ಅದನ್ನು ಹಿಡಿ, ಇದನ್ನು ಬಿಡು ಎಂದು ಕೂಗುವುದಷ್ಟೇ. ಕೇಳಿದರೆ ಮೊಣಕಾಲು ನೋವು ಎನ್ನುವರು. ಅದೇ ಮೊಣಕಾಲಿನಲ್ಲಿ ಮಾಳಿಗೆ ಹತ್ತಿ ಮೆಣಸಿನಕಾಯಿ ಒಣಹಾಕಿ ಬರುವರು. ಓಣಿಯ ಹೆಂಗಸರಿಗೆ ಇಷ್ಟು ಸಾಕಾಯಿತು. "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರ. ನಿಮ್ಮ ಮನ್ಯಾಗ ಎರಡೂ ಅತ್ತೀದೇ ಬಿಡವಾ," ಎಂದು ನನ್ನನ್ನು ಕೆಣಕುತ್ತಿದ್ದರು. ನನಗೂ ಸಿಟ್ಟು ಬರುತ್ತಿತ್ತು. ಮೈಯೆಲ್ಲ ಹಿಕ್ಕೆಯ ವಾಸನೆ ಹೊತ್ತು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಮನಸ್ಸಿನಲ್ಲೇ ಅವರಿಗೆ ನಾಲ್ಕು ಮಾತು ಅಂದುಕೊಳ್ಳುತ್ತಿದ್ದೆ.

ಅಮಾವಾಸ್ಯೆ ಬಂತು. ಭಂಡಾರದ ಬಟ್ಟಲನ್ನು ಅತ್ತೆ ನನ್ನ ಕೈಗೆ ಕೊಟ್ಟು, "ನೀನ ಹಚ್ಚಿ ಬಾ," ಎಂದರು. ಮೊಣಕಾಲು ಮುರಿದಿದ್ದರೂ ತೆವಳಿಕೊಂಡು ಹೋಗಿ ಹಚ್ಚುವ ಹೆಂಗಸು ಅದು. ಬಟ್ಟಲನ್ನು ಕೆಳಗಿಟ್ಟು ನೇರವಾಗಿ ಕೇಳಿದೆ.

"ಅತ್ತಿ, ಮತ್ತ ಹೊರಗಾಗಾಕತ್ತೀರೇನು?"

"ಮೆಲ್ಲಕ ಮಾತಾಡು," ಎಂದು ಅತ್ತೆ ಬಾಗಿಲ ಕಡೆ ನೋಡಿದರು. ಆಮೇಲೆ ಗೋಡೆಗೆ ಒರಗಿ ಕೂತರು. ಸುಗ್ಗಿಯ ಹೊತ್ತಿಗೆ ಶುರುವಾಗಿದೆಯಂತೆ. ಒಮ್ಮೆ ನಿಲ್ಲುತ್ತದೆ, ಒಮ್ಮೆ ಹರಿಯುತ್ತದೆ, ನಾರುತ್ತದೆ. "ಈ ವಯಸ್ಸಿನ್ಯಾಗ ಯಾರಿಗಂತ ಹೇಳ್ಲಿ? ನಗತಾರ. ನನ್ನ ಮೈಲಿಗಿ ಕುರಿಗಿ ತಟ್ಟಬಾರದಂತ ದೂರ ನಿಂತೀನಿ," ಎಂದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅವತ್ತೇ ಮೊದಲು. ನಾನು ಬಟ್ಟಲು ಎತ್ತಿಕೊಂಡು ಹೋಗಿ ಭಂಡಾರ ಹಚ್ಚಿ ಬಂದೆ.

ಅದೇ ದಿನಗಳಲ್ಲಿ ನರ್ಸಮ್ಮ ಊರಿಗೆ ಬಂದು, ಮೂವತ್ತು ದಾಟಿದ ಹೆಂಗಸರೆಲ್ಲ ಶಹಾಪುರದ ದೊಡ್ಡ ದವಾಖಾನೆಗೆ ಬಂದು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೊಳ್ಳಿ, ನೋವಾಗುವುದಿಲ್ಲ, ದುಡ್ಡು ಬೇಡ ಎಂದು ಹೇಳಿಹೋಗಿದ್ದರು. ನಮ್ಮ ಓಣಿಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ನಕ್ಕದ್ದು ನಾಚಿಕೆಗಲ್ಲ, ಹೆದರಿಕೆಗೆ. ಹೊಟ್ಟೆನೋವು ಎಂದು ಖಾಸಗಿ ದವಾಖಾನೆಗೆ ಹೋದ ಎಷ್ಟೋ ಹೆಂಗಸರು ಗರ್ಭಚೀಲ ತೆಗೆಸಿಕೊಂಡು ಬಂದು, ಆಮೇಲೆ ಕೊಡ ಎತ್ತಲಾರದೆ ಕೂತದ್ದನ್ನು ಎಲ್ಲರೂ ಕಂಡಿದ್ದರು. ಅತ್ತೆಯದೂ ಅದೇ ಮಾತು. "ಹೋದ್ರ ಚೀಲ ತೆಗೀತಾರ. ನಾ ಬರಂಗಿಲ್ಲ." ಗೋಗರೆದೆ, ಬೈದೆ, ಊಟ ಬಿಟ್ಟೆ. ಊಹೂಂ, ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ, ಈಗಲೂ ಹೇಳಲಾರೆ. ಒಂದು ಮಧ್ಯಾಹ್ನ ಒಂದು ಕುರಿ ಅವಳಿ ಮರಿ ಹಾಕಿ, ಒಂದನ್ನು ನೆಕ್ಕಿ ಇನ್ನೊಂದನ್ನು ಒದ್ದು ದೂರ ಮಾಡಿತು. ಮರಿ ಬಿಸಿಲಲ್ಲಿ ಬಿದ್ದು ಒದರುತ್ತಿತ್ತು. ನಾನು ಹೊರಗೆ ಕಲ್ಲಿನ ಮೇಲೆ ಕೈಕಟ್ಟಿ ಕೂತೆ.

"ಹೋಗು, ಎತ್ತಿ ತಾಯಿಗಿ ಹಚ್ಚು," ಎಂದರು ಅತ್ತೆ.

"ನಾ ಹೋಗಂಗಿಲ್ರಿ."

"ಯಾಕ, ಹೊರಗಾಗಿಯೇನು?"

"ಇಲ್ರಿ. ನೀವು ಶಹಾಪುರಕ್ಕ ಬರ್ತೀನಿ ಅನ್ನೂ ತನಕ ಈ ಹಟ್ಟಿ ಕೆಲಸ ನಂದಲ್ಲ."

"ನಿನ್ನ ಬಾಯಾಗ ಮಣ್ಣ ಬೀಳಲಿ, ಮರಿ ಸಾಯ್ತದ."

"ಸತ್ರ ಸಾಯ್ಲಿ ಬಿಡ್ರಿ. ನೀವು ಸಾಯಾಕ ನಿಂತೀರಿ, ಮರೀದೇನು?"

ಮರಿಯ ದನಿ ಸಣ್ಣಗಾಗುತ್ತ ಬಂತು. ಅತ್ತೆ ಬೇಲಿಯ ಬಾಯಿಯಲ್ಲಿ ಒಂದು ಕಾಲು ಒಳಗಿಟ್ಟರು, ಹಾವು ಕಂಡವರಂತೆ ಹಿಂದೆ ತೆಗೆದುಕೊಂಡರು. ನನ್ನ ಕಡೆ ನೋಡಿದರು. ನಾನು ಮುಖ ತಿರುವಿದೆ.

"ಬರ್ತೀನಿ. ಎದ್ದೇಳು ಮೊದಲ," ಎಂದರು. ನಾನು ಎದ್ದು ಓಡಿದೆ. ಮರಿ ಬದುಕಿತು.

ಪರೀಕ್ಷೆಯ ದಿನ ದವಾಖಾನೆಯ ಬೆಂಚಿನ ಮೇಲೆ ಯಾರು ಕೂತಿರಬೇಕು? ಮಾವನ ಅಕ್ಕ, ಕೊಂಕಲ್‌ನವಳು. ಜ್ವರದ ಗುಳಿಗೆಗೆ ಬಂದಿದ್ದಳಂತೆ. ಗಂಡ ತೀರಿಕೊಂಡಿದ್ದ, ಮಗನಿಗೆ ಇನ್ನೂ ಮದುವೆಯಾಗಿರಲಿಲ್ಲ, ಮನೆಯ ಕುರಿ ಕೆಲಸವೆಲ್ಲ ಒಬ್ಬಳದೇ. ಅವಳ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ನಾಲ್ಕು ಊರು ಸುತ್ತುತ್ತಿತ್ತು. ಅವಳನ್ನು ಕಂಡು ಅತ್ತೆಯ ಮುಖ ಕಪ್ಪಿಟ್ಟಿತು. ನರ್ಸಮ್ಮ ಬಂದು, ಮುಟ್ಟು ನಿಂತ ಮೇಲೆ ಎಂದಾದರೂ ರಕ್ತ ಕಂಡಿದೆಯೇ ಎಂದು ಕೇಳಿದರೆ, "ಏನಿಲ್ರಿ, ಸುಮ್ಮನ ನೋಡಿಸ್ಕೋಬೇಕಂತ ಬಂದೀನಿ," ಎಂದುಬಿಟ್ಟರು.

ಅಲ್ಲಿಯವರೆಗೆ ಬಂದು ಹೀಗನ್ನುವುದೇ? ನನಗೆ ತಡೆಯಲಾಗಲಿಲ್ಲ. "ಕಂಡೈತ್ರಿ. ಸುಗ್ಗಿಯಿಂದ ಹೋಗಾಕತ್ತೈತ್ರಿ," ಎಂದು ಇಡೀ ಪಡಸಾಲೆಗೆ ಕೇಳುವಂತೆ ಒದರಿದೆ. ಕೊಂಕಲ್‌ನವಳು ಸರಕ್ಕನೆ ತಲೆಯೆತ್ತಿದಳು. ಅತ್ತೆ ನನ್ನ ತೋಳು ಚಿವುಟಿದ್ದು ಎಷ್ಟೋ ದಿನ ಕಪ್ಪಾಗಿ ಉಳಿದಿತ್ತು.

ಪರದೆಯ ಹಿಂದೆ ನರ್ಸಮ್ಮ ನೋಡಿದರು, ಆಮೇಲೆ ಡಾಕ್ಟರಮ್ಮ ಬಂದು ನೋಡಿದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. "ಅಮ್ಮಾ, ಮುಟ್ಟು ನಿಂತ ಮೇಲೆ ಬರೋ ರಕ್ತ ಮುಟ್ಟಲ್ಲ, ರೋಗ. ಮುಚ್ಚಿಡಬಾರದು," ಎಂದರು ಡಾಕ್ಟರಮ್ಮ.

ಅತ್ತೆ ಮಂಚದಿಂದ ಇಳಿಯುತ್ತಿದ್ದವರು ಅಲ್ಲೇ ನಿಂತರು. "ಮುಟ್ಟಲ್ಲೇನ್ರಿ? ಹಂಗಾರ ನಾ ಹಟ್ಟಿಗಿ ಹೋಗಬಹುದಿತ್ತು?"

ನಾನು ನಕ್ಕೆನೋ ಕಣ್ಣೀರು ಹಾಕಿದೆನೋ ನನಗೇ ತಿಳಿಯದು.

ರೋಗ ಇತ್ತು, ಆದರೆ ಇನ್ನೂ ಹರಡಿರಲಿಲ್ಲ. ಕಲಬುರಗಿಗೆ ಕರೆದುಕೊಂಡು ಹೋಗಿ ಬಂದು ಮಾಡಿ, ನಮ್ಮ ಕಡೆ ಕರೆಂಟು ಕೊಡುವುದು ಎನ್ನುತ್ತಾರಲ್ಲ, ಆ ವಿಕಿರಣ ಚಿಕಿತ್ಸೆ ಕೊಡಿಸಿದೆವು. ಅತ್ತೆ ಸೊರಗಿ ಕಡ್ಡಿಯಾದರು, ಅನ್ನ ಕಂಡರೆ ವಾಕರಿಸಿದರು. ಅಷ್ಟರಲ್ಲೂ ಅವರಿಗಿದ್ದ ಚಿಂತೆ ಒಂದೇ. ಊರಿಗೆ ಹೋದರೆ ಕೊಂಕಲ್‌ನವಳು ಏನೇನು ಹಬ್ಬಿಸಿರುತ್ತಾಳೋ ಎಂದು.

ಆದರೆ ಅವಳು ಒಂದು ಮಾತೂ ಆಡಿರಲಿಲ್ಲ. ಊರಿಗೆ ಮರಳಿದಾಗ ಯಾರ ಬಾಯಲ್ಲೂ ಸುದ್ದಿಯಿರಲಿಲ್ಲ. ಅತ್ತೆಗೆ ಅವಳ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಮೈಗೆ ಸ್ವಲ್ಪ ಕಸುವು ಬಂದದ್ದೇ ತಡ, ಎಣ್ಣೆಹೋಳಿಗೆ ಕಟ್ಟಿಸಿಕೊಂಡು ನನ್ನನ್ನೂ ಕರೆದುಕೊಂಡು ಕೊಂಕಲ್‌ಗೆ ಹೊರಟರು.

ಹೋದಾಗ ಹಾಡಹಗಲು ಮನೆಯೊಳಗೆ ಲೋಬಾನದ ಹೊಗೆ. ಅವಳು ಕಂಬಳಿ ಹೊದ್ದು ಮೂಲೆಯಲ್ಲಿ ಕೂತಿದ್ದಳು. ಹೊಗೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ನನಗೆ ತಡವಾಗಿ ತಿಳಿಯಿತು, ಅತ್ತೆಗೆ ಹೊಸಿಲಲ್ಲೇ ತಿಳಿದಿತ್ತು. ಹೋಳಿಗೆಯ ಗಂಟು ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತರು.

"ಅಕ್ಕಾ, ನಿನಗೂ ಐತೇನು?"

ಅವಳು ಕಂಬಳಿ ಸರಿಸಿ ಅತ್ತೆಯ ಕೈ ಹಿಡಿದಳು. "ಅವತ್ತ ನಿನ್ನ ಸೊಸಿ ಒದರಿದಾಗ ನಂದ ಹೇಳಿದಳೇನೋ ಅನಿಸ್ತು ನೋಡು," ಎಂದಳು.

"ಆವಾಗೇ ಎದ್ದು ಬರಬೇಕಿಲ್ಲೋ?"

"ಹೆಂಗ ಬರ್ಲೆ? ರಕ್ತ ಹೋಗಾಕತ್ತಿದ್ರೂ ನಾ ದಿನಾ ಹಟ್ಟಿಗಿ ಹೋಗೀನಿ. ಗೊತ್ತಾದ್ರ ಸತ್ತ ಮರಿ ಎಲ್ಲಾ ನನ್ನ ತಲಿಮ್ಯಾಲ ಬರ್ತಿದ್ವು."

ಮರುದಿನವೇ ಅವಳನ್ನು ಶಹಾಪುರಕ್ಕೆ, ಅಲ್ಲಿಂದ ಕಲಬುರಗಿಗೆ ಕರೆದೊಯ್ದೆವು. ರೋಗ ಮೈಯೆಲ್ಲ ಹರಡಿತ್ತು, ಡಾಕ್ಟರಿಗೆ ಮಾಡುವುದೇನೂ ಉಳಿದಿರಲಿಲ್ಲ. ಮನೆಯಲ್ಲೇ ಇಟ್ಟುಕೊಂಡು ನೋವಿಗೆ ಗುಳಿಗೆ ಕೊಡಿ ಎಂದರು. ಅತ್ತೆ ಅವಳನ್ನು ನಮ್ಮ ಮನೆಗೇ ತಂದು, ಕೊನೆಯವರೆಗೂ ತಾವೇ ಮೈ ತೊಳೆದರು, ಬಟ್ಟೆ ಒಗೆದರು. ನನ್ನ ಕೈಗೆ ಏನನ್ನೂ ಬಿಡಲಿಲ್ಲ.

ಮಣ್ಣು ಮಾಡಿ ಬಂದ ದಿನ ಸ್ನಾನ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದೆವು. ಒದ್ದೆ ಕೂದಲು ಹಾಗೇ ಬಿಟ್ಟುಕೊಂಡು ಅತ್ತೆ ಹೇಳಿದರು. "ಆಕಿಗೊಬ್ಬಾಕಿ ಸೊಸಿ ಇದ್ದಿದ್ರ ಹಟ್ಟಿಗಿ ಹೋಗೂದ ಬಿಡ್ತಿದ್ಲು. ಬಿಟ್ಟಿದ್ರ, ಯಾಕ ಬಿಟ್ಟಿ ಅಂತ ಯಾರರ ಕೇಳ್ತಿದ್ರು."