ಗಿಲೇನ್ ಹುಡುಕಿದ ರುಚಿ

ಗಿಲೇನ್ ಕುಳಿತಲ್ಲಿ ಕೂರುವವಳಲ್ಲ. ಅಪ್ಪ ವಲೇರ್ ತೀರಿಕೊಂಡ ಮೇಲಂತೂ ಊಟವನ್ನೂ ನಿಂತೇ ಮಾಡುತ್ತಿದ್ದಳು. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಬೀಗದ ಕೈಗೊಂಚಲು, ಕಣ್ಣು ಕಿಟಕಿಯಾಚೆಯ ಅಂಗಳದ ಮೇಲೆ. ಹದಿನೆಂಟು ಹಸು, ನಾಲ್ಕು ಕುದುರೆ, ಬಾರ್ಲಿ ಮತ್ತು ಬೀಟ್‌ ಗಡ್ಡೆಯ ಹೊಲ, ಇಷ್ಟಕ್ಕೂ ಅವಳೊಬ್ಬಳೇ ಯಜಮಾನಿ. ಆದರೆ ಅವಳ ನಿದ್ದೆ ಕೆಡಿಸಿದ್ದು ಇದಾವುದೂ ಅಲ್ಲ, ಬಿಯರು.

ಆ ಸೀಮೆಯಲ್ಲಿ ಪ್ರತಿ ಒಕ್ಕಲು ಮನೆಯೂ ಚಳಿಗಾಲದಲ್ಲಿ ಬಿಯರ್ ಕಾಯಿಸಿ ಪೀಪಾಯಿಗೆ ತುಂಬಿಟ್ಟು, ಬೇಸಗೆಯಲ್ಲಿ ಹೊಲದಾಳುಗಳಿಗೆ ಕೊಡುತ್ತಿತ್ತು. ಅದಕ್ಕೆ ಸೆಜೋನ್ ಎನ್ನುತ್ತಿದ್ದರು. ವಲೇರನ ಸೆಜೋನ್ ಕುಡಿಯಲಿಕ್ಕೆಂದೇ ಕೊಯ್ಲಿನವರು ಬೇರೆ ಮನೆಯ ಕೆಲಸ ಬಿಟ್ಟು ಬರುತ್ತಿದ್ದರಂತೆ. ಯುದ್ಧದ ಮೂರನೆಯ ವರ್ಷ ಜರ್ಮನ್ ಸಿಪಾಯಿಗಳು ಗಾಡಿ ತಂದು, ತೋಪಿನ ಗುಂಡಿಗೆ ಬೇಕೆಂದು ಅವನ ತಾಮ್ರದ ಹಂಡೆಯನ್ನು ಹೊತ್ತೊಯ್ದರು. ನಾಲ್ಕು ತಿಂಗಳಿಗೆ ವಲೇರನೂ ಎದೆಯ ಕಾಯಿಲೆಯಲ್ಲಿ ಹೋದ. ಹಂಡೆಯ ಸುದ್ದಿಯನ್ನು ಸಿಪಾಯಿಗಳಿಗೆ ಮುಟ್ಟಿಸಿದ್ದು ಬೇಲಿಯಾಚೆಯ ಕೊರ್ನಿಲ್ ಎಂದು ಅವನು ಕೊನೆಯವರೆಗೂ ನಂಬಿದ್ದ. ಹಾಗಾಗಿ ಗಿಲೇನ್ ಕೂಡ ಕೊರ್ನಿಲ್ ಎದುರು ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು.

ಯುದ್ಧ ಮುಗಿಯಿತು. ಮುಚ್ಚಿಹೋದ ಸಾಬೂನು ಕಾರ್ಖಾನೆಯಿಂದ ಕಬ್ಬಿಣದ ಹಂಡೆಯೊಂದನ್ನು ಕೊಂಡು ತಂದು, ಏಳು ಸಲ ಉಜ್ಜಿ ತೊಳೆದು, ಗಿಲೇನ್ ತಾನೇ ಬಿಯರ್ ಕಾಯಿಸಲು ನಿಂತಳು. ಅಪ್ಪ ಏನನ್ನೂ ಬರೆದಿಟ್ಟಿರಲಿಲ್ಲ. ಅಳತೆಯೆಲ್ಲ ಅವನ ಬೊಗಸೆಯಲ್ಲಿತ್ತು. ಬಿಯರ್ ಹುಳಿ ಬರಿಸುವ ಹುದುಗನ್ನು ಲೆಝ್ ಪಟ್ಟಣದ ಬಿಯರ್ ಮಾಡುವವರಿಂದ ತಂದಳು. ಆಳುಗಳು ಕುಡಿದರು, ತಕರಾರು ಮಾಡಲಿಲ್ಲ. ಅವಳು ಮಾತ್ರ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಏನೋ ಇಲ್ಲ. ಏನಿಲ್ಲ ಎಂದು ಹೇಳಲು ಬಾರದು.

ಹೇಳಬಲ್ಲವನು ಒಬ್ಬನಿದ್ದ, ನೆಸ್ತೋರ್. ಹಬೆಯ ಒಕ್ಕಣೆ ಯಂತ್ರ ಎಳೆದುಕೊಂಡು ಆಗಸ್ಟಿನಿಂದ ಮನೆ ಮನೆ ತಿರುಗುವವನು. ಯುದ್ಧಕ್ಕೆ ಮುಂಚೆ ಹನ್ನೊಂದು ವರ್ಷ ಅಪ್ಪನ ಬಿಯರ್ ಕುಡಿದಿದ್ದ. ಅವನು ಮಿಕ್ಕವರಂತೆ ಗಟಗಟನೆ ಇಳಿಸುವವನಲ್ಲ. ಮೊದಲು ಒಣ ರೊಟ್ಟಿಯ ಚೂರು ಅಗಿದು ಬಾಯಿ ಹಸನು ಮಾಡಿಕೊಳ್ಳುತ್ತಿದ್ದ, ಲೋಟವನ್ನು ಮೂಗಿನ ಕೆಳಗೆ ಹಿಡಿದು ಸುಮ್ಮನಿರುತ್ತಿದ್ದ, ಆಮೇಲೆ ಗುಟುಕು.

ಮೊದಲ ವರ್ಷ ಗಿಲೇನ್ ಅವನ ಮುಂದೆ ಏಪ್ರನ್ ಹಿಂಡುತ್ತ ನಿಂತಿದ್ದಳು.

"ಏನನ್ನಿಸ್ತು?"

"ಚೆನ್ನಾಗಿದೆ."

"ನಾನು ಕೇಳಿದ್ದು ಅದಲ್ಲ."

"ನಿಮ್ಮಪ್ಪಂದಲ್ಲ ಕಣಮ್ಮ," ಎಂದ ನೆಸ್ತೋರ್, ಬೇಜಾರಿನಿಂದಲೇ.

ಮರುವರ್ಷ ಬಾರ್ಲಿಯ ಜೊತೆ ಒರಟು ಗೋಧಿ ಬೆರೆಸಿದಳು. ಅದರ ಮುಂದಿನ ವರ್ಷ ಬಾವಿ ನೀರು ಬಿಟ್ಟು ಮಳೆನೀರು ಹಿಡಿದಳು. ಕಹಿಗೆಂದು ಕೊಂಡು ತರುತ್ತಿದ್ದ ಹಾಪ್ಸ್ ಹೂವು ಬಿಟ್ಟು, ಲಾಯದ ಹಿಂದಿನ ಹಳೆಯ ಬಳ್ಳಿಯದನ್ನೇ ಬಿಡಿಸಿ ಒಣಗಿಸಿದಳು. ಚಳಿಗಾಲವಿಡೀ ದಿನಕ್ಕೆ ನಾಲ್ಕು ಸಲ ನೆಲಮಾಳಿಗೆಗೆ ಇಳಿದು ಪೀಪಾಯಿಗೆ ಕಿವಿಗೊಟ್ಟು ಬರುವಳು. ಮದುವೆಯ ಮಾತು ತಂದವರನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳು.

"ಹತ್ರ ಬಂದಿದೀಯ," ಎಂದ ನೆಸ್ತೋರ್ ಮೂರನೆಯ ಆಗಸ್ಟಿನಲ್ಲಿ. "ಊರು ಸಿಕ್ಕಿದೆ, ಮನೆ ಸಿಕ್ಕಿಲ್ಲ."

ಆ ಮಾತು ಅವಳನ್ನು ಇಡೀ ವರ್ಷ ಕೊರೆಯಿತು. ನಾಲ್ಕನೆಯ ಬೇಸಗೆಯಲ್ಲಿ ಹುಲ್ಲು ಕೊಯ್ಯುವವನೊಬ್ಬ ನಗುತ್ತ, "ಅವನಿಗೇನಮ್ಮ ನೆನಪಿರುತ್ತೆ? ದಿನಕ್ಕೊಂದು ಮನೆ, ಮನೆಗೆಂಟು ಲೋಟ. ನಿನ್ನ ಆಟ ಆಡಿಸ್ತಿದಾನೆ," ಅಂದ. ಅವಳು ಅಂದು ಮಧ್ಯಾಹ್ನವೇ ಎರ್ಮಾನ್ಸಳ ಹೋಟೆಲಿಗೆ ಹೋದಳು. ಕೊರ್ನಿಲ್ ತನ್ನ ಬಿಯರಿನಲ್ಲಿ ಮಿಕ್ಕಿದ್ದನ್ನು ಅಲ್ಲಿಗೆ ಹಾಕುತ್ತಿದ್ದ.

"ಕೊರ್ನಿಲ್‌ದೊಂದು ಬಾಟಲಿ ಕೊಡು."

ಎರ್ಮಾನ್ಸ್ ಒರೆಸುವ ಬಟ್ಟೆ ಕೆಳಗಿಟ್ಟಳು. "ನಿನಗಾ? ಕೊರ್ನಿಲ್‌ದಾ? ಜ್ವರ ಗಿರ ಬಂದಿದೆಯೇನೆ?"

"ಬಾಟಲಿ ಕೊಡು, ಮಾತು ಬೇಡ."

ಯುದ್ಧದ ನಂತರ ಕೊರ್ನಿಲ್ ಬೇರೆ ಯಂತ್ರದವರನ್ನು ಕರೆಸುತ್ತಿದ್ದ. ನೆಸ್ತೋರ್ ಆ ಮನೆಯ ಬಿಯರನ್ನು ಎಷ್ಟೋ ವರ್ಷದಿಂದ ಮುಟ್ಟಿರಲಿಲ್ಲ. ಅವನು ಬಂದ ದಿನ ಗಿಲೇನ್ ಅದನ್ನೇ ತನ್ನ ಹೂಜಿಗೆ ಸುರಿದು ಅವನ ಮುಂದಿಟ್ಟಳು. ಇದು ತನ್ನ ಬಿಯರಲ್ಲ ಎಂಬುದೂ ಅವನಿಗೆ ಗೊತ್ತಾಗದಿದ್ದರೆ ನಾಲ್ಕು ವರ್ಷದ ಲೆಕ್ಕ ಇವತ್ತೇ ಚುಕ್ತಾ ಎಂದು ಹಲ್ಲು ಕಚ್ಚಿ ನಿಂತಳು.

ನೆಸ್ತೋರ್ ರೊಟ್ಟಿ ಅಗಿದ, ಮೂಸಿದ, ಕುಡಿದ. ಇನ್ನೊಮ್ಮೆ ಕುಡಿದ. ಹೋಗಿ ಗಾಡಿಯ ಮೂಕಿಯ ಮೇಲೆ ಕುಳಿತ.

"ಇದು," ಎಂದ.

"ಏನು ಇದು?"

"ವಲೇರಂದು. ಏನು ಮಾಡಿದೆ ತಾಯಿ ಈ ಸಲ?"

ಗಿಲೇನ್ ನಕ್ಕಳು. ಆ ನಗು ಅವಳಿಗೇ ಹಿಡಿಸಲಿಲ್ಲ. "ಏನೂ ಮಾಡ್ಲಿಲ್ಲ. ಎರ್ಮಾನ್ಸ್ ಹತ್ರ ತಗೊಂಡೆ. ಅದು ಕೊರ್ನಿಲ್‌ನ ಬಿಯರ್. ಗೊತ್ತಾಯ್ತು ಬಿಡು ನಿನ್ನ ನಾಲಿಗೆ."

ನೆಸ್ತೋರ್ ನಾಚಿಕೊಳ್ಳಲಿಲ್ಲ, ಲೋಟ ಖಾಲಿ ಮಾಡಿದ. "ನೀನು ರುಚಿ ಕೇಳಿದೆ, ನಾನು ಹೇಳಿದೆ. ಯಾರ ಮನೇದು ಅಂತ ನಾನೇನು ಕಣಿ ಹೇಳೋನಾ? ಅದು ಅಲ್ಲಿಗೆ ಹೇಗೆ ಹೋಯ್ತು ಅಂತ ಅವನನ್ನೇ ಕೇಳು, ಹೋಗು." ಎದ್ದು ಯಂತ್ರದ ಕಡೆ ನಡೆದ.

ಹೂಜಿಯಲ್ಲಿ ಉಳಿದದ್ದನ್ನು ಚೆಲ್ಲಲೆಂದೇ ಅವಳು ಲಾಯದ ಹಿಂದಕ್ಕೆ ಹೋದದ್ದು. ಚೆಲ್ಲುವ ಮೊದಲು ಬಾಯಿಗಿಟ್ಟಳು. ಒಣಹುಲ್ಲಿನ ಅಟ್ಟದ ವಾಸನೆ, ಪೇರ್ ಹಣ್ಣಿನ ಸಿಪ್ಪೆ ಕಚ್ಚಿದಂತೆ ಸಣ್ಣ ಒಗರು, ಹಿಂದಿನಿಂದ ಮೆಣಸಿನ ಚುರುಕು, ಕೊನೆಗೆ ಏನೂ ಉಳಿಯದಂತೆ ಬಾಯಿ ಒಣಗಿತು. ಅಪ್ಪನ ನೆನಪೇನೂ ಉಕ್ಕಿ ಬರಲಿಲ್ಲ. ನಾಲಿಗೆ ಇನ್ನೊಂದು ಗುಟುಕು ಕೇಳಿತು, ಅಷ್ಟೆ. ತನ್ನ ಬಿಯರನ್ನು ಅದು ಒಮ್ಮೆಯೂ ಹಾಗೆ ಕೇಳಿರಲಿಲ್ಲ. ಹೂಜಿ ಅಲ್ಲೇ ಖಾಲಿಯಾಯಿತು.

ಆಮೇಲೆ ಮೂರು ತಿಂಗಳು ಅವಳ ಕಾಲು ಒಂದೆಡೆ ನಿಲ್ಲಲಿಲ್ಲ. ಎರಡು ಸಲ ಬೇಲಿಯವರೆಗೆ ಹೋಗಿ ಬಂದಳು. ಹಾಲು ಕರೆಯುವಾಗ ಹಸುಗಳೇ ತಿರುಗಿ ನೋಡುವಷ್ಟು ಕೈ ಒರಟಾಯಿತು. ನವೆಂಬರಿನಲ್ಲಿ ಬಾರ್ಲಿ ಮೊಳಕೆ ಕಟ್ಟಿಸಿ ಒಣಗಿಸಿಯಾಯಿತು. ಲೆಝ್‌ಗೆ ಹುದುಗು ತರಲು ಹೊರಟವಳು ಅರ್ಧ ದಾರಿಯಿಂದ ಹಿಂದಿರುಗಿ ನೇರ ಕೊರ್ನಿಲ್‌ನ ಅಂಗಳಕ್ಕೆ ನಡೆದಳು.

ಮುದುಕ ಪೀಪಾಯಿ ತೊಳೆಯಲು ಅದರೊಳಗೆ ಬಿಸಿನೀರು, ಸರಪಳಿ ಹಾಕಿ ಉರುಳಿಸುತ್ತಿದ್ದ. ಅವಳನ್ನು ಕಂಡು ನಿಲ್ಲಿಸಿದ.

"ಬೆಂಕಿ ಬಿತ್ತಾ ಮನೆಗೆ?"

"ಇಲ್ಲ. ನಿಮ್ಮ ಬಿಯರಿನಲ್ಲಿ ಅಪ್ಪನ ರುಚಿ ಹೇಗೆ ಬಂತು?"

ಕೊರ್ನಿಲ್ ಸೊಂಟ ನೆಟ್ಟಗೆ ಮಾಡಿಕೊಂಡ. "ರುಚಿ ಇರೋದೇ ಹುದುಗಲ್ಲಿ. ಆ ಹುದುಗು ನಿಮ್ಮಪ್ಪಂದೇ. ಅವನು ಮೊದಲು ಕಾಯಿಸೋನು, ಅದರ ಹುದುಗು ನನಗೆ ಕೊಡೋನು. ನನ್ನದು ಮುಗಿದ ಮೇಲೆ ನಾನು ವಾಪಸ್ ಕೊಡೋನು. ಇಪ್ಪತ್ತು ವರ್ಷ ಹಾಗೇ ನಡೀತು. ಕಡೇ ಸಲ ಅದು ನನ್ನ ಹತ್ರಾನೇ ಇತ್ತು. ಅವನು ಕೇಳೋಕೆ ಬರಲಿಲ್ಲ. ಯುದ್ಧ ಮುಗಿಯೋವರೆಗೂ ಅಡುಗೆ ಪಾತ್ರೇಲಿ ಚೂರುಚೂರು ಬಿಯರ್ ಕಾಯಿಸಿ ಅದನ್ನ ಉಳಿಸ್ಕೊಂಡೆ."

"ನಿಮ್ಮ ಹಂಡೆ ಮಾತ್ರ ಹೇಗೆ ಉಳೀತು?"

"ಗೊಬ್ಬರದ ಗುಂಡಿಯಲ್ಲಿ ಹೂತಿದ್ದೆ. ನೀನೂ ಹೂಳು ಅಂತ ಅವನಿಗೂ ಹೇಳಿದೆ. ಬಿಯರ್ ಕಾಯಿಸೋ ಹಂಡೆನ ಗೊಬ್ಬರಕ್ಕೆ ಹಾಕೋನು ನಾನಲ್ಲ ಅಂದ." ಪೀಪಾಯಿಯಿಂದ ಸರಪಳಿ ಎಳೆಯುತ್ತ ಸೇರಿಸಿದ: "ಸಿಪಾಯಿಗಳಿಗೆ ಯಾರು ಹೇಳಿದ್ರೋ ಗೊತ್ತಿಲ್ಲ. ನಾನಂತೂ ಅಲ್ಲ. ನಂಬೋದು ಬಿಡೋದು ನಿನಗೇ ಬಿಟ್ಟಿದ್ದು."

ನಂಬಿದ್ದಳೋ ಇಲ್ಲವೋ ಅವಳಿಗೇ ತಿಳಿಯದು. ಆದರೆ ಗೊಬ್ಬರದ ಮಾತು ಮಾತ್ರ ಅಪ್ಪನದೇ, ಅದರಲ್ಲಿ ಅನುಮಾನವಿರಲಿಲ್ಲ.

"ಒಂದು ಕ್ಯಾನಿನಷ್ಟು ಕೊಡ್ತೀರಾ?"

"ಕೊಡೋದೇನು ಬಂತು, ನಿಮ್ಮದೇ ಅಲ್ವಾ. ಒದ್ದೆ ಬಟ್ಟೆ ಸುತ್ತಿಕೊಂಡು ಹೋಗು, ತಣ್ಣಗಿರಲಿ."

ಹಾಲಿನ ಕ್ಯಾನನ್ನು ಎದೆಗವಚಿಕೊಂಡು ಅವಳು ಬೇಲಿ ಸುತ್ತಿ ಬಾರದೆ ಸಂದಿಯಲ್ಲೇ ನುಸುಳಿದಳು. ಲಂಗ ಮುಳ್ಳಿಗೆ ಸಿಕ್ಕಿ ಹರಿಯಿತು.

ಮುಂದಿನ ಆಗಸ್ಟಿನಲ್ಲಿ ನೆಸ್ತೋರ್ ಕುಡಿದು ತಲೆಯಾಡಿಸಿದ. "ಮನೆ ಸಿಕ್ತು. ಆದ್ರೆ ಕಹಿ ಒಂದು ಚೂರು ಜಾಸ್ತಿ. ವಲೇರ್ ಇಷ್ಟು ಹೂವು ಹಾಕ್ತಿರಲಿಲ್ಲ."

"ಗೊತ್ತು," ಎಂದಳು ಗಿಲೇನ್. "ನನಗೆ ಹೀಗೇ ಇಷ್ಟ."

ಅವಳು ಅದಾಗಿ ಇಪ್ಪತ್ತಾರು ಚಳಿಗಾಲ ಬಿಯರ್ ಕಾಯಿಸಿದಳು. ಮೂರನೆಯ ವರ್ಷ ಕೊರ್ನಿಲ್‌ನ ಹುದುಗು ಹುಳಿಯಾದಾಗ ಅದೇ ಕ್ಯಾನು ಬೇಲಿಯ ಸಂದಿಯಿಂದ ಆಚೆಗೆ ಹೋಯಿತು. ಹಂಡೆಯ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಪ್ರತಿ ಮೇ ತಿಂಗಳಲ್ಲಿ ಪೀಪಾಯಿ ತೆರೆದ ದಿನ ಮುದುಕ ಒಂದು ಬಾಟಲಿ ಹಿಡಿದು ಬರುತ್ತಿದ್ದ, ಯಾರದ್ದು ಹೆಚ್ಚು ಬಾಯಿ ಒಣಗಿಸುತ್ತದೆ ಎಂದು ಜಗಳ ಶುರುವಾಗುತ್ತಿತ್ತು. ಅವನು ಬೆಂಚಿನ ಮೇಲೆ ಕುಳಿತು ವಾದಿಸುವನು, ಇವಳು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಾಡುತ್ತಲೇ ಉತ್ತರ ಕೊಡುವಳು.

"ಒಂದು ಗಳಿಗೆ ಕೂತ್ಕೋ ಮಾರಾಯ್ತಿ, ಕತ್ತು ನೋಯ್ತದೆ ನನಗೆ," ಎನ್ನುತ್ತಿದ್ದ ಕೊರ್ನಿಲ್.

"ಕೂತ್ರೆ ರುಚಿ ತಿಳಿಯಲ್ಲ," ಎಂದು ಅವಳು ಅವನ ಲೋಟ ತುಂಬಿಸುತ್ತಿದ್ದಳು.